ತೊಳೆಯದ ತಗಡು

ಕಾರ್ತಿಕದ ಬಿಸಿಲು ಚುರುಕಾಗುವ ಮೊದಲೇ ಬಾತಿ ಹಳ್ಳಿಯ ರಸ್ತೆಯ ಅರ್ಧವನ್ನು ಮೆಕ್ಕೆಜೋಳ ಹಿಡಿದಿತ್ತು. ಹರಡಿದ ಕಾಳಿನ ಅಂಚಿಗೆ ಉದ್ದಕ್ಕೂ ಕಲ್ಲು ಜೋಡಿಸಿದ್ದರು. ಬಸ್ಸು, ಟ್ರ್ಯಾಕ್ಟರುಗಳು ಆ ಕಲ್ಲಿಗೆ ಬೆದರಿ ಉಳಿದರ್ಧದಲ್ಲೇ ಒಂದನ್ನೊಂದು ಬೈದುಕೊಂಡು ದಾಟುತ್ತಿದ್ದವು. ಹುಲಿಗೆಮ್ಮನ ತಾಯಿ ಇನ್ನಿಬ್ಬರು ಕೂಲಿ ಹೆಂಗಸರ ಜೊತೆ ಸೀರೆ ಎತ್ತಿಕಟ್ಟಿ, ಬರಿಗಾಲನ್ನು ಕಾಳಿನೊಳಗೆ ಎಳೆದುಕೊಂಡು ಹೋಗುತ್ತಿದ್ದಳು. ಕಾಲು ಹೋದಲ್ಲೆಲ್ಲ ಅಡಿಯ ಹಸಿಕಾಳು ಮೇಲೆ ಬಂದು ನೇಗಿಲ ಸಾಲಿನ ಹಾಗೆ ಗೆರೆ ಬೀಳುತ್ತಿತ್ತು. ಹುಲಿಗೆಮ್ಮ ಸ್ಕೂಟಿಯನ್ನು ಕಲ್ಲಿಗೆ ತಾಗದ ಹಾಗೆ ನಿಲ್ಲಿಸಿ ತಾಯಿಯ ಬುತ್ತಿಯನ್ನು ಬೇವಿನ ಬುಡದಲ್ಲಿಟ್ಟಳು.

"ನಿಮ್ ಸಾರು ಸಹಿ ಹಾಕಿದ್ರೇನೇ?" ತಾಯಿ ಕಾಲು ನಿಲ್ಲಿಸದೆ ಕೇಳಿದಳು.

"ಈ ಕೆಲ್ಸ ಒಂದು ಮುಗೀಲಿ ಅಂದಾರೆ."

"ಹೋದ ಜೋಳದಾಗೂ ಇದನ್ನೇ ಅಂದಿದ್ದೆ."

ಪಕ್ಕದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅವ್ಳು ಕಲ್ಲು ಹಿಂಡೋ ಕೆಲ್ಸ ಮಾಡ್ತಾಳಂತಲ್ಲಕ್ಕಾ, ತಡ ಆಗ್ತೈತೆ ಬಿಡು. ಎಮ್ಮೆ ಹಿಂಡ್ದಂಗೇನು?"

ಹುಲಿಗೆಮ್ಮ ನಗಲಿಲ್ಲ. ಕಲ್ಲು ಹಿಂಡುವ ಮಾತು ಸುಳ್ಳೇನೂ ಅಲ್ಲ. ದಾವಣಗೆರೆಯ ಕಾಲೇಜಿನ ನೆಲಮಹಡಿಯ ಕೋಣೆಯಲ್ಲಿ ಕೂತು ಅವಳು ಆರು ವರ್ಷದಿಂದ ಹರಳುಗಳನ್ನು ಹಿಂಡುತ್ತಲೇ ಇದ್ದಳು. ಪ್ರಬಂಧ ಬರೆದು ಮುಗಿದಿತ್ತು. ಮೊದಲ ಪುಟದಲ್ಲಿ ಅವಳ ಗೈಡು ಪ್ರೊಫೆಸರ್ ಕಾಂತರಾಜ್ ಸಹಿ ಹಾಕಿದರೆ ಡಾಕ್ಟರೇಟು. ಇಲ್ಲದಿದ್ದರೆ ವರ್ಷ ವರ್ಷ ಅರ್ಜಿ ಹಾಕಿ, ಜೂನ್‌ನಲ್ಲಿ ಸೇರಿ ಏಪ್ರಿಲ್‌ನಲ್ಲಿ ಬಿಡುವ ಅತಿಥಿ ಉಪನ್ಯಾಸಕಿಯ ಪಾಡು. ಬಾತಿಯ ಅವಳ ಕೇರಿಯಿಂದ ಅಷ್ಟು ದೂರ ಬಂದವರು ಬೇರೆ ಯಾರೂ ಇರಲಿಲ್ಲ. ಅದನ್ನು ಕಾಂತರಾಜ್ ಭಾಷಣಗಳಲ್ಲಿ ಹೇಳುತ್ತಿದ್ದರು, ಬೈಯುವಾಗಲೂ ಹೇಳುತ್ತಿದ್ದರು.

ಕೋಣೆಯ ಕಿಟಕಿಗಳಿಗೆಲ್ಲ ಟೇಪು ಅಂಟಿಸಿದ್ದರು. ಈ ಕಾಲದಲ್ಲಿ ಊರ ಗಾಳಿಯಲ್ಲಿ ಜೋಳದ ಹೊಟ್ಟು ತೇಲುತ್ತಿರುತ್ತದೆ. ಒಂದು ಕಣ ಒಳಗೆ ಬಂದು ಕೂತರೆ ದಿನದ ಕೆಲಸ ಮಣ್ಣು. ಉಪಕರಣವೆಂದರೆ ಮುಷ್ಟಿಯಲ್ಲಿ ಹಿಡಿಸುವ ಒಂದು ಉಕ್ಕಿನ ಡಬ್ಬಿ. ಒಳಗೆ ಎರಡು ವಜ್ರಗಳು ಮೂಗಿಗೆ ಮೂಗು ತಾಗಿಸಿಕೊಂಡು ಕೂತಿರುತ್ತವೆ. ನಡುವೆ ತೆಳ್ಳನೆಯ ಉಕ್ಕಿನ ತಗಡು, ತಗಡಿನಲ್ಲಿ ಸಾಸಿವೆ ಕಾಳೂ ಇಳಿಯದಂಥ ತೂತು. ಆ ತೂತಿನೊಳಕ್ಕೆ ಹರಳಿನ ಒಂದು ಚೂರನ್ನೂ ಒತ್ತಡ ಎಷ್ಟೆಂದು ತೋರಿಸುವ ಮಾಣಿಕ್ಯದ ಕಣವನ್ನೂ ಇಳಿಸಿ, ಮೇಲೆ ಸ್ಪಿರಿಟ್ಟಿನ ಹನಿ ಬಿಟ್ಟು, ತಿರುಪು ಬಿಗಿಯುತ್ತ ಹೋಗಬೇಕು. ಸ್ಪಿರಿಟ್ಟು ನೀರಾಗಿ ಉಳಿದಷ್ಟು ಹೊತ್ತು ಹರಳನ್ನು ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತದೆ. ಅದೇ ಗಟ್ಟಿಯಾಯಿತೋ, ಹರಳು ಒಂದು ಮಗ್ಗುಲಿಂದ ಜಜ್ಜಿಹೋಗಿ ಹೊತ್ತಿಗೆ ಮುಂಚೆಯೇ ಬಣ್ಣ ಬದಲಿಸಿಬಿಡುತ್ತದೆ.

ಆ ವರ್ಷ ಹನ್ನೆರಡು ದೇಶದ ಹನ್ನೆರಡು ಲ್ಯಾಬುಗಳು ಒಂದು ಪರೀಕ್ಷೆಗೆ ಕೂಡಿದ್ದವು. ಪೋಲೆಂಡಿನಲ್ಲಿ ಒಂದೇ ಪಾತ್ರೆಯಲ್ಲಿ ಬೆಳೆಸಿದ ಹಳದಿ ಹರಳನ್ನು ಚೂರು ಮಾಡಿ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದ್ದರು. ಎಷ್ಟು ಒತ್ತಡಕ್ಕೆ ಅದು ಕೆಂಪಾಗುತ್ತದೆ ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಅಳೆಯಬೇಕು, ಗೊತ್ತುಪಡಿಸಿದ ದಿನ ಎಲ್ಲರೂ ಒಟ್ಟಿಗೆ ಸಂಖ್ಯೆ ಬಿಚ್ಚಬೇಕು, ಅಲ್ಲಿಯವರೆಗೆ ಒಬ್ಬರು ಇನ್ನೊಬ್ಬರನ್ನು ಕೇಳಕೂಡದು. ಅದು ಆ ಬಳಗದ ಕಟ್ಟುಪಾಡು. ದಾವಣಗೆರೆಗೆ ಅದರಲ್ಲಿ ಒಂದು ಜಾಗ ಸಿಕ್ಕಿದ್ದು ಕಾಂತರಾಜರಿಗೆ ಮಗಳ ಮದುವೆಯಷ್ಟೇ ದೊಡ್ಡ ಸಂಗತಿಯಾಗಿತ್ತು.

ಹುಲಿಗೆಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಾಗ ಹರಳು ಕೆಂಪಾಗಿತ್ತು. ಮಾಣಿಕ್ಯದ ಲೆಕ್ಕ ಒತ್ತಡ ಆರು ಗಿಗಾಪ್ಯಾಸ್ಕಲ್ ಎಂದಿತು. ಮೂರನೆಯ ಸಲವೂ ಆರೇ.

"ಹುಲಿ ಏನಂತೈತಿ?" ಪಕ್ಕದ ಮೇಜಿನಿಂದ ಅಂಜನಕುಮಾರ ಕೇಳಿದ. ಅವನೂ ಕಾಂತರಾಜರ ಕೈಕೆಳಗೇ ಪ್ರಬಂಧ ಬರೆಯುತ್ತಿದ್ದವನು. ಕೋಣೆಯಲ್ಲಿದ್ದ ಒಂದೇ ಒಂದು ಗಾಲಿ ಕುರ್ಚಿ ಯಾವತ್ತೂ ಅವನದೇ.

"ಆರು."

"ಸಾರ್‌ಗೆ ನೀನೇ ಹೇಳವ್ವ. ನಾನು ಮದುವೆ ಆಗೋನು, ಸಾಯಕ್ಕೆ ಟೈಮಿಲ್ಲ."

ಕಾಂತರಾಜ್ ಒಳಗೆ ಬಂದವರು ಸಂಖ್ಯೆ ನೋಡಿ, ಬಾಗಿಲು ಮುಂದಕ್ಕೆ ತಳ್ಳಿದರು. "ಮದ್ರಾಸಿನ ಫ್ರೆಂಡ್ ಬಾಯಿ ಬಿಟ್ಟಿದಾನೆ, ಜಪಾನಿನೋರ ಜೊತೆ ಕೆಲ್ಸ ಮಾಡೋನು. ಎಲ್ಲರಿಗೂ ಎಂಟರ ಆಸುಪಾಸು ಬರ್ತಿದೆಯಂತೆ. ನಿನಗೊಬ್ಬಳಿಗೆ ಆರು."

"ಅದನ್ನ ಕೇಳ್ಬಾರ್ದು ಅಂತ ಐತಲ್ಲ ಸಾರ್."

"ಕೇಳ್ಲಿಲ್ಲ. ಅವನೇ ಹೇಳ್ದ. ಕಿವಿ ಮುಚ್ಕೊಳ್ಲಾ ನಾನು?" ಅವರು ಅವಳ ಕೈಯನ್ನೇ ನೋಡಿದರು. "ಜೋಳ ಸುಲಿದ ಕೈಗೆ ವಜ್ರ ಕೊಟ್ಟೆ ನೋಡು, ನಂದೇ ತಪ್ಪು."

ಅಂಜನಕುಮಾರ ಆಗಲೇ ತಗಡುಗಳ ಡಬ್ಬಿಯನ್ನು ಮೂಗಿಗೆ ಹಿಡಿದಿದ್ದ. "ಸಾರ್, ಸೀಮೆಎಣ್ಣೆ ವಾಸ್ನೆ."

ತಗಡಿಗೆ ತೂತು ಕೊರೆಯುವುದು ಹರಿಹರದ ಹಯಾತ್ ಸಾಬರ ವರ್ಕ್‌ಶಾಪಿನಲ್ಲಿ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ವಿದ್ಯುತ್ತಿನ ಕಿಡಿಯಿಂದ ಕೊರೆಯುವ ಯಂತ್ರ ಅವರದು. ಎರಡು ವರ್ಷದ ಹಿಂದೆ ಒಂದು ಸಮ್ಮೇಳನಕ್ಕೆ ಹುಲಿಗೆಮ್ಮ ಆ ತಗಡು ಒಯ್ದಾಗ ಬೇರೆ ಊರಿನ ಲ್ಯಾಬಿನವರು ಕೈಯಿಂದ ಕೈಗೆ ದಾಟಿಸಿ ನೋಡಿ, ಇದನ್ನು ಮಾಡಿದವನ ನಂಬರು ಕೊಡಿ ಎಂದು ಮುಗಿಬಿದ್ದಿದ್ದರು. ಕೊಟ್ಟವಳು ಅವಳೇ. ಅಂದಿನಿಂದ ಹಯಾತ್ ಸಾಬರಿಗೆ ಬೇರೆ ರಾಜ್ಯಗಳಿಂದಲೂ ಕೆಲಸ ಬರುತ್ತಿತ್ತು.

"ಅದೇ ಮತ್ತೆ," ಕಾಂತರಾಜರ ಮುಖಕ್ಕೆ ಜೀವ ಬಂತು. "ಎಣ್ಣೆ ಸ್ಪಿರಿಟ್ಟಿಗೆ ಬೆರೆತು ಅದು ಬೇಗ ಗಟ್ಟಿಯಾಗಿದೆ. ಸಾಬ ಗಲೀಜು ತಗಡು ಕಳ್ಸಿದಾನೆ."

"ನಾನು ಒರೆಸಿದ್ದೆ ಸಾರ್. ಅಸಿಟೋನ್‌ನಾಗೆ ಅದ್ದಿ..."

"ಒರೆಸೋ ಹಾಗೆ ಕಳ್ಸೋದೇ ತಪ್ಪು." ಅವರು ನಿಂತಲ್ಲೇ ಫೋನ್ ತೆಗೆದು ಬೆರಳಾಡಿಸಿದರು. ಈ ಕೆಲಸ ಮಾಡುವ ದೇಶದ ಲ್ಯಾಬಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಅವರೇ ಅಡ್ಮಿನ್. ಹುಲಿಗೆಮ್ಮನ ಫೋನೂ ಚೀಲದಲ್ಲಿ ಟಿಣ್ ಎಂದಿತು. ಹರಿಹರದ ವರ್ಕ್‌ಶಾಪಿನ ತಗಡುಗಳು ಕೊಳಕಾಗಿ ಬರುತ್ತಿವೆ, ನಮ್ಮ ಪ್ರಯೋಗ ಮೂರು ಸಲ ಕೆಟ್ಟಿತು, ಎಲ್ಲರೂ ಎಚ್ಚರವಾಗಿರಿ ಎಂದು ಇಂಗ್ಲಿಷಿನಲ್ಲಿ ಬಂದಿತ್ತು. ಅವಳು ಓದಿದಳು. ಏನೋ ಹೇಳಬೇಕೆನಿಸಿತು. ಸಹಿ ಇಲ್ಲದ ಪ್ರಬಂಧ ಅದೇ ಕೋಣೆಯ ಬೀರುವಿನೊಳಗಿತ್ತು. ಫೋನನ್ನು ಚೀಲಕ್ಕೆ ಹಾಕಿದಳು.

ಮಾರನೆಯ ದಿನ ಹಯಾತ್ ಸಾಬರ ಫೋನು ಬಂತು. ಯಾವಾಗಲೂ ಬೇಟಿ ಎನ್ನುವವರು ಅಂದು ಹಾಗೆನ್ನಲಿಲ್ಲ.

"ಹುಲಿಗೆಮ್ಮ ಮೇಡಂನೋರೇನ್ರಿ? ಇಂದೋರ್‌ನೋರು ಆರ್ಡರ್ ಬ್ಯಾಡ ಅಂದ್ರು. ಯಾಕ ಅಂದ್ರೆ ನಿಮ್ ಸಾಹೇಬ್ರು ಬರ್ದಿದ್ದನ್ನ ಫೋಟೊ ಹೊಡ್ದು ಕಳ್ಸಿದ್ರು. ನಮ್ ಮಾಸೂಮಾ ಓದಿ ಹೇಳಿದ್ಲು."

ಮಾಸೂಮಾ ಅವರ ಮಗಳು, ಅಂಗಡಿಯ ಲೆಕ್ಕಪತ್ರ ನೋಡುವವಳು.

"ಚಾಚಾ..."

"ತೂತು ನಂದು, ತೊಳೆಯೋದು ನಿಮ್ದು. ಮೊದ್ಲೇ ಮಾತಾಗಿತ್ತಿಲ್ಲೋ?"

"ಆಗಿತ್ತು."

"ಅವ್ರು ಬರೆಯಾವಾಗ ನೀವೆಲ್ಲಿದ್ರಿ?"

ಅವಳು ಅಲ್ಲೇ ಇದ್ದೆ ಎಂದಳು. ಲೇತಿನ ಸದ್ದಿನ ನಡುವೆ ಆ ಕಡೆ ಫೋನು ಕಟ್ಟಾಯಿತು.

ಅವಳಿಗೆ ಕೋಪ ಬಂದದ್ದು ಹಯಾತ್ ಸಾಬರ ಮೇಲೆ. ಒರೆಸಿದ್ದು ಸುಳ್ಳಲ್ಲವಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಆ ಕೋಪಕ್ಕೆ ನಿಲ್ಲಲು ನೆಲವಿಲ್ಲದೆ ಹೋಯಿತು. ಕಿಡಿಯಿಂದ ಕೊರೆದ ತೂತಿನ ಅಂಚು ಸುಟ್ಟ ರೊಟ್ಟಿಯ ಅಂಚಿನ ಹಾಗೆ. ತರಿತರಿಯಾಗಿ, ಒಳಗೆ ಸಂದು ಸಂದು. ಒರೆಸಿದರೆ ಮೇಲಿನದು ಹೋಗುತ್ತದೆ, ಸಂದಿನದು ಹೋಗುವುದಿಲ್ಲ. ಮೊದಲೆಲ್ಲ ತಗಡನ್ನು ನಡುಗುವ ತೊಟ್ಟಿಯಲ್ಲಿ ತೊಳೆಯುತ್ತಿದ್ದರು. ಕಿವಿಗೆ ಕೇಳಿಸದ ಸದ್ದಿನಿಂದ ನೀರನ್ನು ನಡುಗಿಸಿ ಸಂದುಗೊಂದಿನ ಕೊಳೆಯನ್ನೆಲ್ಲ ಹೊರಡಿಸುವ ಪುಟ್ಟ ತೊಟ್ಟಿ ಅದು. ಬೇಸಿಗೆಯಲ್ಲಿ ಕಾಂತರಾಜ್ ಅದನ್ನು ಎರಡು ದಿನಕ್ಕೆಂದು ಮಂಡಿಪೇಟೆಯಲ್ಲಿ ಒಡವೆ ಅಂಗಡಿ ಇಟ್ಟಿದ್ದ ತಮ್ಮ ಭಾಮೈದ ಪಾಲಯ್ಯನಿಗೆ ಕೊಟ್ಟಿದ್ದರು. ಮದುವೆ ಸೀಜನ್ನು, ಹಳೇ ಒಡವೆ ತೊಳೆಯಲು ಬೇಕಾಗಿತ್ತಂತೆ. ಆಮೇಲೆ ಮುಂಗಾರು ಬಂದು ಹೋಯಿತು, ಜೋಳ ಬಿತ್ತಿದ್ದೂ ಆಯಿತು, ಮುರಿದದ್ದೂ ಆಯಿತು. ತೊಟ್ಟಿ ಬಂದಿರಲಿಲ್ಲ. ಕೇಳುವುದನ್ನು ಅವಳೂ ಬಿಟ್ಟಿದ್ದಳು. ಒರೆಸಿದರೆ ಸಾಕು ಎಂದುಕೊಂಡವಳು ಅವಳೇ.

ಡಬ್ಬಿಯಲ್ಲಿ ಕೊನೆಯದೊಂದು ತಗಡು ಉಳಿದಿತ್ತು. ಅದನ್ನೂ ಒಂದು ಗಾಜಿನ ಬಾಟಲಿಯಲ್ಲಿ ಅಸಿಟೋನನ್ನೂ ತೆಗೆದುಕೊಂಡು ಮಂಡಿಪೇಟೆಗೆ ಹೋದಳು.

ಪಾಲಯ್ಯ ಗಲ್ಲೆಯ ಮೇಲೆ ಕೂತು ಒಬ್ಬ ಗಿರಾಕಿಗೆ ಬೆಂಡೋಲೆ ತೂಗುತ್ತಿದ್ದ. ತೊಟ್ಟಿ ಅವನ ಹಿಂದೆ, ದೇವರ ಪಟದ ಕೆಳಗಿತ್ತು. ಕಾಲೇಜಿನ ಹೆಸರಿನ ಚೀಟಿಯ ಮೇಲೆ ಅರಿಶಿನ ಕುಂಕುಮ ಹಚ್ಚಿದ್ದರು.

"ಭಾವ ಹೇಳಿ ಕಳ್ಸಿದ್ರಾ?" ಅವನು ತಲೆ ಎತ್ತದೆ ಕೇಳಿದ.

"ಒಯ್ಯಕ್ಕೆ ಬಂದಿಲ್ಲ. ಇಲ್ಲೇ ಒಂದ್ಸಲ ತೊಳ್ಕಂಡು ಹೋಗ್ತೀನಿ."

"ಏನದು, ಚಿನ್ನನಾ?"

"ತಗಡು."

ಗಿರಾಕಿ ನಕ್ಕ. ಪಾಲಯ್ಯ ನಗಲಿಲ್ಲ. "ನಮ್ದು ಮಡಿ ಇರೋ ಜಾಗ ಕಣಮ್ಮ. ಲಕ್ಷ್ಮಿ ತೊಳೆಯೋ ನೀರ್‌ನಾಗೆ ಕಬ್ಬಿಣ ಅದ್ದಕ್ಕಾಗಲ್ಲ."

"ನೀರಿಗೆ ತಾಗಲ್ಲ. ಬಾಟ್ಲಿ ಒಳಗೇ ಇರ್ತೈತೆ. ತೊಟ್ಟಿ ಮಾತ್ರ ನಿಮ್ದಲ್ಲ, ಕಾಲೇಜಿಂದು. ಚೀಟಿ ಐತಲ್ಲ, ಓದ್ರಿ."

ಗಿರಾಕಿಯ ಮುಂದೆ ಆಡಿದ ಮಾತು ತಾಗಿತು. ಪಾಲಯ್ಯ ಬೆಂಡೋಲೆ ಎತ್ತಿಟ್ಟು, "ಬಾಯಿ ಭಾಳ ಐತೆ ನಿಂಗೆ. ಭಾವನಿಗೆ ಹೇಳ್ತೀನಿ ತಡಿ," ಅಂದ. ಆದರೆ ಪಕ್ಕಕ್ಕೆ ಸರಿದ. ಯಾರದೋ ತಾಳಿ ಸರ, ಝುಮುಕಿಗಳ ನಡುವೆ ಅವಳ ಬಾಟಲಿ ತಣ್ಣಗೆ ನಡುಗಿತು. ಸ್ವಲ್ಪ ಹೊತ್ತಿಗೆ ಅಸಿಟೋನಿನೊಳಗೆ ತಗಡಿನ ತೂತಿನಿಂದ ಹೊಗೆಯೆಳೆಯಂಥ ಒಂದು ಕಪ್ಪು ಗೆರೆ ಇಳಿಯತೊಡಗಿತು. ಅವಳು ಅದನ್ನೇ ನೋಡುತ್ತ ನಿಂತಳು.

ತೊಳೆದ ತಗಡಿನಲ್ಲಿ ಹರಳು ಎಂಟಕ್ಕೆ ಕೆಂಪಾಯಿತು.

ಕಾಂತರಾಜ್ ಅವಳ ಬೆನ್ನು ತಟ್ಟಿದರು. ಆರು ವರ್ಷದಲ್ಲಿ ಅದು ಮೊದಲನೆಯದು. "ನೋಡ್ದಾ? ಎಂಟು. ಸುಳ್ಳಲ್ಲ, ಬದಲಿಸಿದ್ದಲ್ಲ, ಅಳೆದದ್ದು." ಅವರೇ ಕಂಪ್ಯೂಟರಿನ ಮುಂದೆ ಕೂತು ವರದಿ ಬರೆದರು. ಮೊದಲ ಮೂರು ಅಳತೆಗಳನ್ನು ಮುಚ್ಚಿಡುವ ಹಾಗಿರಲಿಲ್ಲ, ಎಲ್ಲವನ್ನೂ ಕೊಡಬೇಕೆಂದು ಬಳಗದ ನಿಯಮ. ಅವು ಯಾಕೆ ಬೇರೆ ಬಂದವು ಎಂಬ ಕಾರಣಕ್ಕೆ ಒಂದು ಸಾಲಿತ್ತು. ಅಲ್ಲಿ ಅವರು, ತಗಡು ಪೂರೈಸಿದವರು ಎಣ್ಣೆ ತೆಗೆಯದೆ ಕಳಿಸಿದ್ದು, ಎಂದು ಬರೆದರು.

"ಸಾರ್, ತೊಟ್ಟಿ ಇಲ್ದೆ ನಾವು..."

"ತೊಟ್ಟಿ ಮಾತು ಇಲ್ಲಿಗೆ ಯಾಕೆ?" ಧ್ವನಿ ಏರಲಿಲ್ಲ. "ಪಾಲಯ್ಯ ಫೋನ್ ಮಾಡಿದ್ದ. ನೀನು ಅಂಗಡಿಗೆ ಹೋಗಿ ಗಿರಾಕಿ ಮುಂದೆ ಮಾತಾಡಿದ್ದು ಗೊತ್ತು. ಅದನ್ನ ನುಂಗ್ಕೊಂಡಿದೀನಿ. ಶುಕ್ರವಾರ ಮೀಟಿಂಗಲ್ಲಿ ಇದನ್ನ ನೀನೇ ಓದು, ನಿನ್ನ ಹೆಸರೇ ಮೊದಲು ಹಾಕಿದೀನಿ. ಸೋಮವಾರ ನಿನ್ನ ಥೀಸಿಸ್ ತಗೊಂಬಾ, ಸಹಿ ಹಾಕ್ತೀನಿ."

ಅವರು ಹೊರಗೆ ಹೋದ ಮೇಲೆ ಅಂಜನಕುಮಾರ ಗಾಲಿ ಕುರ್ಚಿಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ. "ಕೂಡ್ರಿ ಡಾಕ್ಟ್ರೇ."

ಶುಕ್ರವಾರ ಸಂಜೆ ಗೋಡೆಯ ಪರದೆಯ ಮೇಲೆ ಹನ್ನೆರಡು ಕಿಟಕಿಗಳು ತೆರೆದವು. ಬ್ರೆಜಿಲಿನವನು ಬೆಳಗಿನ ಕಾಫಿ ಹಿಡಿದಿದ್ದ. ಜಪಾನಿನವರ ಕಿಟಕಿಯ ಹಿಂದೆ ಕತ್ತಲಾಗಿತ್ತು. ಹರಳು ಕಳಿಸಿದ ಪೋಲೆಂಡಿನ ಯೊಆನ್ನಾ, ಅರವತ್ತು ದಾಟಿದ ಬೆಳ್ಳಿಕೂದಲಿನ ಹೆಂಗಸು, ಒಂದೊಂದೇ ಊರನ್ನು ಕರೆದು ಸಂಖ್ಯೆ ಕೇಳುತ್ತ ಹೋದಳು. ಎಂಟು, ಎಂಟಕ್ಕೆ ಸ್ವಲ್ಪ ಕಡಿಮೆ, ಎಂಟಕ್ಕೆ ಸ್ವಲ್ಪ ಹೆಚ್ಚು. ದಾವಣಗೆರೆಯ ಸರದಿ ಬಂದಾಗ ಹುಲಿಗೆಮ್ಮ ಎದ್ದು ನಿಂತಳು. ಕೂತೇ ಓದಬಹುದಿತ್ತು. ಕಾಂತರಾಜ್ ಹೊಸ ಕೋಟು ಹಾಕಿಕೊಂಡು ಪಕ್ಕದಲ್ಲಿದ್ದರು.

ಅವಳು ವರದಿಯನ್ನು ಬರೆದ ಹಾಗೆಯೇ ಓದಿದಳು, ಕಾರಣದ ಸಾಲನ್ನೂ ಸೇರಿಸಿ. ಓದುವಾಗ ನಾಲಿಗೆ ತೊಡರಲಿಲ್ಲ. ಅದು ಅವಳಿಗೇ ಆಶ್ಚರ್ಯವಾಯಿತು.

ಜರ್ಮನಿಯ ಡೀಟರ್ ಎಂಬವನು ಕೈ ಎತ್ತಿದ. ಅವನ ಇಂಗ್ಲಿಷು ಒಣಗಿದ ಕಟ್ಟಿಗೆ ಮುರಿದ ಹಾಗಿತ್ತು. ಮೂರು ಸಲ ಆರು, ಕೊನೆಗೊಂದು ಸಲ ಎಂಟು. ಈ ಎಂಟು ಬಂದದ್ದು ಬೇರೆಯವರ ಸಂಖ್ಯೆ ಕಿವಿಗೆ ಬಿದ್ದ ಮೇಲೋ, ಮೊದಲೋ ಎಂದು ಕೇಳಿದ. ಕಾಂತರಾಜ್ ನಗಲು ನೋಡಿದರು. ಡೀಟರ್ ಕಾಯಲಿಲ್ಲ. ನಾಲ್ಕನೆಯ ತಗಡನ್ನು ಬೇರೆ ಕಡೆ ಮಾಡಿಸಿದಿರಾ?

"ಇಲ್ಲ," ಅಂದಳು ಹುಲಿಗೆಮ್ಮ. "ಅದೇ ಮನುಷ್ಯನದು. ಅದೇ ದಿನ ಕೊರೆದದ್ದು."

ಹಾಗಾದರೆ ಆ ಮನುಷ್ಯನ ತಪ್ಪು ನಾಲ್ಕನೆಯದಕ್ಕೂ ಇರಬೇಕಲ್ಲ ಎಂದ ಅವನು. ನಿಮ್ಮ ಕಾರಣ ನಿಲ್ಲುವುದಿಲ್ಲ. ಏನು ಬದಲಾಯಿತು ಹೇಳಿ. ಹೇಳಲಾಗದಿದ್ದರೆ ನಿಮ್ಮ ಎಂಟನ್ನು ನಾನು ನಂಬುವುದಿಲ್ಲ.

ಆ ಸಂಖ್ಯೆ ಅವಳದಾಗಿತ್ತು. ಝುಮುಕಿಗಳ ನಡುವೆ ನಿಂತು, ಮಾತು ಕೇಳಿಸಿಕೊಂಡು, ತಂದ ಸಂಖ್ಯೆ. ಮೇಜಿನ ಕೆಳಗೆ ಕಾಂತರಾಜರ ಬೂಟು ಅವಳ ಪಾದವನ್ನು ಒತ್ತಿತು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

"ಬದಲಾದದ್ದು ತೊಳೆದದ್ದು," ಅವಳು ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದ ಇಟ್ಟಳು. "ಮೊದಲ ಮೂರನ್ನು ನಾನು ಬರಿದೇ ಒರೆಸಿದೆ. ತೊಳೆಯುವುದು ನಮ್ಮ ಕೆಲಸ, ಅವರದಲ್ಲ. ನಮ್ಮ ತೊಟ್ಟಿ ಲ್ಯಾಬಿನಲ್ಲಿ ಇರಲಿಲ್ಲ."

ಎಲ್ಲಿತ್ತು ಎಂದು ಯೊಆನ್ನಾ ಕೇಳಿದಳು.

"ಒಂದು ಒಡವೆ ಅಂಗಡಿಯಲ್ಲಿ."

ಮೊದಲು ಬ್ರೆಜಿಲಿನವನು ನಕ್ಕ. ಆಮೇಲೆ ಕಿಟಕಿಯಿಂದ ಕಿಟಕಿಗೆ ನಗು ಹತ್ತಿಕೊಂಡಿತು. ಜಪಾನಿನವರು ಬಾಯಿಗೆ ಕೈ ಅಡ್ಡ ಹಿಡಿದರು. ಡೀಟರ್ ಮಾತ್ರ ನಗದೆ ಬರೆದುಕೊಳ್ಳುತ್ತಿದ್ದ. ಈಗ ನಂಬುತ್ತೇನೆ ಎಂದ. ಯೊಆನ್ನಾ ಕನ್ನಡಕ ಸರಿಮಾಡಿಕೊಂಡು, ಹಾಗಾದರೆ ಕಾರಣದ ಆ ಸಾಲು ಸರಿಯಿಲ್ಲ, ತೆಗೆದು ಬೇರೆ ಬರೆದು ಕಳಿಸಿ ಎಂದು ಮುಂದಿನ ಊರನ್ನು ಕರೆದಳು.

ಪರದೆ ಆರಿದ ಮೇಲೆ ಕಾಂತರಾಜ್ ಕೂತಲ್ಲೇ ಕೋಟನ್ನು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಇಪ್ಪತ್ತೆಂಟು ವರ್ಷ," ಅಂದರು. "ಅಷ್ಟು ವರ್ಷ ಬೇಕಾಯ್ತು ಆ ಜನದ ನಡುವೆ ಒಂದು ಕುರ್ಚಿ ಹಾಕ್ಕೊಳಕ್ಕೆ. ನನ್ನನ್ನ ನಗೆಪಾಟಲು ಮಾಡಿದೆ."

"ಎಂಟು ಉಳೀತು ಸಾರ್."

"ಉಳೀಲಿ. ಅದನ್ನೇ ಇಟ್ಕೊಂಡು ಬಾಳು." ಅವರು ಎದ್ದರು. "ಬೀರು ಬೀಗದಕೈ ಅಂಜನನಿಗೆ ಕೊಟ್ಟು ಹೋಗು. ಬೇರೆ ಗೈಡ್ ಹುಡುಕ್ಕೊ. ಸಿಕ್ಕರೆ."

ಅಂಜನಕುಮಾರ ಬೀಗದಕೈಗೆ ಕೈ ಒಡ್ಡಿದಾಗ ತಮಾಷೆ ಮಾಡಲಿಲ್ಲ. ಅವಳ ಪ್ರಬಂಧದ ಕಟ್ಟನ್ನು ಬೀರುವಿನಿಂದ ತೆಗೆದು ಕೈಗಿಟ್ಟ. "ಒಂದ್ ಸೋಮವಾರದ ತನಕ ಬಾಯಿ ಮುಚ್ಕಂಡು ಇರಕ್ಕೆ ಏನಾಗಿತ್ತು ನಿಂಗೆ?" ಅಂದ. ಅವಳು ಕಟ್ಟನ್ನು ಚೀಲಕ್ಕಿಳಿಸಿದಳು.

ಶನಿವಾರ ಬೆಳಿಗ್ಗೆ ಅವಳು ಹರಿಹರದ ಕಡೆಗೆ ಸ್ಕೂಟಿ ತಿರುಗಿಸಿದಳು. ಕೇಳುವುದಕ್ಕೂ ಹೇಳುವುದಕ್ಕೂ ಏನೋ ಇದೆ ಎನಿಸಿತ್ತು. ದಾರಿಯುದ್ದಕ್ಕೂ ಹಯಾತ್ ಸಾಬರ ಮುಖ ಸಡಿಲವಾಗುವುದನ್ನು ಕಲ್ಪಿಸಿಕೊಂಡಳು. ಚಹಾ ತರಿಸುತ್ತಾರೆ, ಬೇಟಿ ಎನ್ನುತ್ತಾರೆ, ಹೋಗಲಿ ಬಿಡು ಎನ್ನುತ್ತಾರೆ. ಅಷ್ಟಾದರೆ ಸಾಕಿತ್ತು.

ವರ್ಕ್‌ಶಾಪು ರೈಲ್ವೆ ಗೇಟಿನಿಂದ ಒಳಗೆ, ಬಾಗಿಲು ಹಾಕಿದ ಶೆಡ್ಡುಗಳ ಸಾಲಿನ ಕೊನೆಗಿತ್ತು. ಒಂದು ಕಾಲಕ್ಕೆ ಊರ ದೊಡ್ಡ ಕಾರ್ಖಾನೆಗೆ ಬಿಡಿಭಾಗ ಮಾಡುತ್ತಿದ್ದ ಶೆಡ್ಡುಗಳು. ಈಗ ಕೆಲವದರಲ್ಲಿ ಗೊಬ್ಬರದ ಚೀಲ, ಕೆಲವದರಲ್ಲಿ ಬರೀ ಬೀಗ. ಹಯಾತ್ ಸಾಬರು ಲೇತಿನ ಮುಂದೆ ಬಗ್ಗಿ ಯಾವುದೋ ಟ್ರ್ಯಾಕ್ಟರಿನ ಅಚ್ಚು ಹೊರಳಿಸುತ್ತಿದ್ದರು. ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬಳಿ ಬೀಳುತ್ತಿತ್ತು. ಅವಳನ್ನು ನೋಡಿಯೂ ಯಂತ್ರ ನಿಲ್ಲಿಸಲಿಲ್ಲ. ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು ಅವಳಿಗೆ. ಮೀಟಿಂಗು, ಡೀಟರ್, ತೊಟ್ಟಿ, ಒಡವೆ ಅಂಗಡಿ. ಸಹಿಯ ವಿಷಯವನ್ನೂ ಹೇಳಿದಳು. ಅದನ್ನು ಹೇಳಬಾರದು ಎಂದುಕೊಂಡೇ ಬಂದಿದ್ದಳು.

ಅವರು ಕೆಲಸದ ತುಂಡನ್ನು ಬೆರಳಿನಿಂದ ಸವರಿ ನೋಡಿದರು.

"ಯಾರ ಮುಂದೆ ಹೇಳಿದ್ರಿ?"

"ಹನ್ನೆರಡು ದೇಶದೋರ ಮುಂದೆ ಚಾಚಾ."

"ಪೋಲೆಂಡ್‌ನೋರು, ಜರ್ಮನ್‌ನೋರು."

"ಹ್ಞೂಂ."

"ಅವ್ರು ನನ್ ಹತ್ರ ತಗಡು ತಗಂತಾರೇನು?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನನ್ ಇಜ್ಜತ್ ಹೋಗಿದ್ದು ಇಂದೋರ್‌ನಾಗೆ. ಮದ್ರಾಸ್‌ನಾಗೆ, ಪೂನಾದಾಗೆ. ಬಾಕಿ ಇದ್ದಿದ್ದು ನಮ್ಮನ್ಯಾಗೆ, ನೀವು ತೀರ್ಸಿ ಬಂದಿದ್ದು ಬ್ಯಾರೆ ಯಾರ್‌ದೋ ಮನ್ಯಾಗೆ. ಅವ್ರು ನಕ್ರು ಅಂತೀರಿ. ನಂಗೂ ಸ್ವಲ್ಪ ನಗು ಬರ್ತೈತೆ."

ಅವರಿಗೆ ನಗು ಬಂದಿರಲಿಲ್ಲ.

"ಗುಂಪ್‌ನಾಗೇ ಬರೀತೀನಿ," ಅಂದಳು. "ಈಗ್ಲೇ. ನಿಮ್ ಮುಂದೇನೇ." ಫೋನು ತೆಗೆದಳು. ಮನಸ್ಸಿನಲ್ಲಿ ಇಂಗ್ಲಿಷ್ ಸಾಲು ಆಗಲೇ ಕೂಡಿಬಂದಿತ್ತು. ಗುಂಪನ್ನು ತೆರೆದರೆ, ಕೆಳಗೆ ಬರೆಯುವ ಜಾಗವೇ ಇರಲಿಲ್ಲ. ನಿನ್ನೆ ರಾತ್ರಿಯೇ ಅಡ್ಮಿನ್ ಅವಳನ್ನು ತೆಗೆದುಹಾಕಿದ್ದರು. ಅದರ ಮೇಲೆ ಕಾಂತರಾಜರ ಹಳೆಯ ಮಾತು ಇದ್ದ ಹಾಗೇ ಇತ್ತು, ಕೆಳಗೆ ಯಾರು ಯಾರೋ ಧನ್ಯವಾದ ಹೇಳಿದ್ದರು.

ಹಯಾತ್ ಸಾಬರು ಕೈ ಒರೆಸಿಕೊಂಡು ಬಂದು ಅವಳ ಫೋನಿನೊಳಗೆ ಇಣುಕಿದರು. ಇಂಗ್ಲಿಷ್ ಓದಲು ಬಾರದಿದ್ದರೂ ಏನಾಗಿದೆ ಎಂಬುದು ತಿಳಿಯಿತು.

"ಬಾಗ್ಲು ಹಾಕ್ಕಂಡ್ರು."

"ಹ್ಞೂಂ."

"ಆತಲ್ಲ. ಇನ್ನೇನ್ ಮಾಡ್ತೀರಿ, ಹೋಗ್ರಿ. ಊರಿಗೆ ಹೋಗಿ ಜೋಳ ಹೊಳ್ಳಿಸ್ರಿ." ಹೇಳಿದ ಮೇಲೆ ಅದು ಅವರಿಗೇ ಸರಿ ಕಾಣಲಿಲ್ಲವೇನೋ,  ಮುಖ ತಿರುಗಿಸಿದರು.

ಮಾತು ನೆಟ್ಟಗೆ ಬಂದು ತಾಗಿತು. ಅವಳು ಹೊರಡಲು ತಿರುಗಿದಳು. ಬಾಗಿಲ ಪಕ್ಕದ ಗೋಡೆಯ ಮೇಲೆ, ಎಣ್ಣೆಗೈಯ ಗುರುತುಗಳ ನಡುವೆ, ಸುಣ್ಣದ ಕಡ್ಡಿಯಲ್ಲಿ ಉರ್ದುವಿನಲ್ಲಿ ಹೆಸರುಗಳು, ಪಕ್ಕದಲ್ಲಿ ಫೋನ್ ನಂಬರುಗಳಿದ್ದವು. ಕೆಲವು ನಂಬರುಗಳ ಮೇಲೆ ಈಚೆಗೆ ಎಳೆದ ಅಡ್ಡಗೆರೆ.

"ಇವು ಯಾರ್‌ವು ಚಾಚಾ?"

"ಆರ್ಡರ್ ಬಂದ್ ಮಾಡಿದೋರ್‌ವು."

"ಮೊದ್ಲಿಂದು?"

"ಇಂದೋರ್. ಯಾಕ?"

ಅವಳು ಪ್ರಬಂಧದ ಕಟ್ಟನ್ನು ಚೀಲಸಮೇತ ಸ್ಟೂಲಿನ ಮೇಲಿಟ್ಟು, ಗೋಡೆಯ ಹತ್ತಿರ ನಿಂತು ಅಂಕೆಗಳನ್ನು ಒಂದೊಂದಾಗಿ ಒತ್ತತೊಡಗಿದಳು. ಹಯಾತ್ ಸಾಬರು ಬೇಡವೆನ್ನಲಿಲ್ಲ, ಮಾಡೆನ್ನಲಿಲ್ಲ. ಲೇತಿಗೆ ಹಿಂತಿರುಗಿ ಅಚ್ಚನ್ನು ಮತ್ತೆ ಬಿಗಿದು ಯಂತ್ರ ಶುರುಮಾಡಿದರು. ಉಕ್ಕು ಕಿರುಗುಟ್ಟಿತು. ಅವಳು ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಗೋಡೆಗೆ ಇನ್ನಷ್ಟು ಹತ್ತಿರ ಸರಿದಳು. ಆ ಕಡೆ ಬಹಳ ಹೊತ್ತು ರಿಂಗಾಗಿ, ಕೊನೆಗೆ ಯಾರೋ ಬೇಸರದ ಧ್ವನಿಯಲ್ಲಿ ಹಲೋ ಎಂದರು.